ಅತ್ತೆಯ ಮಜ್ಜಿಗೆ ಪರೀಕ್ಷೆ

ನಮ್ಮ ಅತ್ತೆಯ ಜೊತೆ ಆಟೋದಲ್ಲಿ ಕೂರುವವರು ಕರಿ ಪ್ಯಾಂಟು ಹಾಕಬಾರದು. ಇದು ಅನುಭವದ ಮಾತು. ನನ್ನ ಒಳ್ಳೆಯ ಪ್ಯಾಂಟೊಂದು ಈಗ ನೆಲ ಒರೆಸುವ ಕೆಲಸಕ್ಕೆ ಸೇರಿದೆ!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಹುಟ್ಟಿದ್ದು ಖಾನಾಪುರದ ಆಚೆ ಗುಂಜಿಯಲ್ಲಿ, ಬಾಳುತ್ತಿರುವುದು ಬೆಳಗಾವಿಯ ಅಂಚಿಗೆ, ಪೀರನವಾಡಿಯ ಹತ್ತಿರದ ಹೊಸ ಬಡಾವಣೆಯಲ್ಲಿ, ನಮ್ಮದೇ ಓಣಿಯಲ್ಲಿ. ಮಾವ ತೀರಿಕೊಂಡ ಮರುವರ್ಷ ಯಾರನ್ನೂ ಕೇಳದೆ ಚುನಾವಣೆಗೆ ನಿಂತುಬಿಟ್ಟರು. ಅತ್ತೆ ಗೆಲ್ಲುತ್ತಾರೆಂದು ಮನೆಯವರು ಯಾರೂ ನಂಬಿರಲಿಲ್ಲ. ವಾರ್ಡಿನವರು ನಂಬಿದರು, ಗೆಲ್ಲಿಸಿದರು.

ಕೊರಳಿನ ಹಾರ ಬಾಡುವ ಮೊದಲೇ ಹಿರಿಯರೆಲ್ಲ ಬಂದು ಕೂತರು. ಬಡಾವಣೆಯ ಬಾಯಿಗೆ ಒಂದು ದೊಡ್ಡ ಕಮಾನು ಆಗಲೇಬೇಕಂತೆ. ಆಗಲಿ, ಅದರ ಮೇಲೆ ಕನ್ನಡ ಮೊದಲೋ ಮರಾಠಿ ಮೊದಲೋ? ಕಮಾನು ಏಳುವ ಮೊದಲೇ ಜಗಳ ಎದ್ದು ನಿಂತಿತು! ಅತ್ತೆ ಎಲ್ಲರ ಕೈಗೂ ಚಹಾ ಕೊಟ್ಟು ಹೇಳಿದರು:

“ನೋಡ್ರಿ, ತೆಗ್ಗಿನ್ಯಾಗ ಬಿದ್ರ ನೀವು ‘ಆಯಿ’ ಅಂತೀರಿ, ಇವ್ರು ‘ಯವ್ವಾ’ ಅಂತಾರ. ಮೊದಲ ಅವೆರಡೂ ನಿಲ್ಲಸೂಣು. ಕಮಾನ ಆಮ್ಯಾಲ.”

“ಮತ್ತ ನಳ? ಗಟಾರ? ಲೈಟು?” ಎಂದು ಒಬ್ಬರು ಬೆರಳು ಮಡಚತೊಡಗಿದರು.

“ಎಲ್ಲಾ ಆಗತಾವ್ರಿ. ಮೊದಲ ರಸ್ತಾ.”

ನಮ್ಮ ಓಣಿಯಿಂದ ದೊಡ್ಡ ರಸ್ತೆ ಸೇರುವ ಆ ತುಂಡು ಅಷ್ಟು ಹದಗೆಟ್ಟಿದ್ದು ನಿಜ. ಆದರೆ ಇಷ್ಟು ಹಟ ಯಾಕೆ? ಕೇಳಿದರೆ ಅತ್ತೆ ಮಾತು ಹಾರಿಸಿ, “ಉಪ್ಪಿಟ್ಟು ಹಾಕ್ಲೇನು?” ಎನ್ನುತ್ತಿದ್ದರು. ಉಪ್ಪಿಟ್ಟು ಬಂದ ಮೇಲೆ ಪ್ರಶ್ನೆ ಯಾರಿಗೆ ಬೇಕು!

ಹಟ ಗೆದ್ದಿತು. ಮಳೆಗಾಲಕ್ಕೆ ಮೊದಲೇ ಡಾಂಬರು ಬಿತ್ತು. ಗುತ್ತಿಗೆದಾರರು ಮೀಸೆ ತಿರುವುತ್ತಾ ಬಂದರು.

“ಅಕ್ಕಾರ, ರಸ್ತಾ ಕನ್ನಡಿ ಆಗೈತಿ. ಬಂದು ನೋಡ್ರಿ.”

“ನೋಡೂದ್ರಾಗ ಏನೈತ್ರಿ? ಆಟೋದಾಗ ಕುಂದರ್ರಿ.”

ಅವರು ಕುಳಿತರು. ಅತ್ತೆ ಒಳಗಿನಿಂದ ತಂಬಿಗೆ ತುಂಬ ಮಜ್ಜಿಗೆ ತಂದು ಅವರ ತೊಡೆಯ ಮೇಲಿಟ್ಟು, ನನ್ನನ್ನೂ ಹತ್ತಿಸಿ ತಾವೂ ಹತ್ತಿದರು. ಒಂದು ಹನಿ ಚೆಲ್ಲಿದರೂ ರಸ್ತೆ ನಪಾಸು! ಹಿಂದಿನ ದಿನವೇ ಇದರ ತಾಲೀಮು ನನ್ನ ತೊಡೆಯ ಮೇಲೆ ನಡೆದಿತ್ತು. ನನ್ನ ಪ್ಯಾಂಟು ಹೋದದ್ದು ಆಗಲೇ.

“ನೀರ ಇಟ್ರ ನಡಿಯೂದಿಲ್ಲೇನ್ರಿ?” ಎಂದರು ಗುತ್ತಿಗೆದಾರರು, ಪಾಪ.

“ನೀರ ಆರಿ ಹೋಗತಾವ. ಮಜ್ಜಿಗಿ ಕಲಿ ಪ್ಯಾಂಟಿನ ಮ್ಯಾಲ ಉಳೀತೈತಿ. ನಾಳೆ ನೀವು ಇಲ್ಲ ಅನ್ನಾಕ ಬರೂದಿಲ್ಲ.”

ತಿರುವಿನಲ್ಲಿ ಆಟೋ ಒಮ್ಮೆ ಕುಪ್ಪಳಿಸಿತು. ಕೆಳಗಿಳಿದಾಗ ಗುತ್ತಿಗೆದಾರರ ಪ್ಯಾಂಟಿನ ಮೇಲೆ ಸಾಸಿವೆ, ಕರಿಬೇವು! ಅತ್ತೆ ಮಜ್ಜಿಗೆಗೆ ಒಗ್ಗರಣೆ ಬೇರೆ ಹಾಕಿದ್ದರು. ರಸ್ತೆ ಪರೀಕ್ಷೆಗೆ ಒಗ್ಗರಣೆ ಯಾತಕ್ಕೆ ಎಂದು ನಾನೂ ಅವರೂ ಮುಖ ಮುಖ ನೋಡಿಕೊಂಡೆವು.

“ಮತ್ತ ಮಾಡ್ರಿ. ಇಲ್ಲಂದ್ರ ಮೀಟಿಂಗಿನ್ಯಾಗ ನಿಮ್ಮ ಬಿಲ್ಲಿಗೆ ನಾ ಹ್ಞೂಂ ಅನ್ನೂದಿಲ್ಲ,” ಎಂದರು ಅತ್ತೆ.

ಮತ್ತೆ ಮಾಡಿದರು. ಎರಡನೆಯ ಪರೀಕ್ಷೆಗೆ ಅವರು ಮಜ್ಜಿಗೆಯ ಬಣ್ಣದ್ದೇ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಅಷ್ಟು ಜಾಣತನ ಬೇಕಾಗಲಿಲ್ಲ. ದೊಡ್ಡ ರಸ್ತೆ ಮುಟ್ಟಿದಾಗ ತಂಬಿಗೆಯಲ್ಲಿ ಒಂದು ಕರಿಬೇವಿನ ಎಲೆಯೂ ಕದಲಿರಲಿಲ್ಲ. ಗುತ್ತಿಗೆದಾರರು ಕೈ ಮುಗಿದು ಇಳಿದರು. ನಾನೂ ಇಳಿಯಲು ಹೋದೆ.

“ನೀ ಕುಂದರು,” ಎಂದರು ಅತ್ತೆ. ತಂಬಿಗೆಯನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ಆಟೋದವನಿಗೆ ಹೇಳಿದರು: “ನೆಹರು ನಗರಕ್ಕ ನಡಿಯಪ್ಪಾ. ದೊಡ್ಡ ದವಾಖಾನಿಗೆ.”

ಆಗ ನನಗೆ ತಿಳಿಯಿತು. ನನ್ನ ನಗು ಅಲ್ಲೇ ನಿಂತಿತು.

ಮಾವ ಕೊನೆಯ ಮಳೆಗಾಲವನ್ನು ಆ ಆಸ್ಪತ್ರೆಯಲ್ಲೇ ಕಳೆದಿದ್ದರು. ಒಗ್ಗರಣೆ ಹಾಕಿದ ಮಜ್ಜಿಗೆ ಬಿಟ್ಟು ಅವರ ಗಂಟಲಲ್ಲಿ ಬೇರೇನೂ ಇಳಿಯುತ್ತಿರಲಿಲ್ಲ. ಅದೂ ಮನೆಯ ತಂಬಿಗೆಯಲ್ಲೇ ಬರಬೇಕು. ಅತ್ತೆ ತಂಬಿಗೆಯ ಬಾಯಿಗೆ ತಟ್ಟೆ ಮುಚ್ಚಿ, ದಿನವೂ ಆಟೋದಲ್ಲಿ ಒಯ್ಯುತ್ತಿದ್ದರು. ಅರ್ಧ ನಮ್ಮ ಓಣಿಯ ರಸ್ತೆಯಲ್ಲೇ ಚೆಲ್ಲಿ ಹೋಗುತ್ತಿತ್ತು. ಮಾವ ತಂಬಿಗೆಯೊಳಗೆ ಇಣುಕಿ, “ಯಾಕ, ಉಳಿದದ್ದು ರಸ್ತಾಕ್ಕ ಕುಡಿಸಿ ಬಂದ್ಯಾ?” ಎಂದು ನಗುತ್ತಿದ್ದರು. “ನಾಳೆ ತುಂಬ ತರತೀನಿ,” ಎನ್ನುತ್ತಿದ್ದರು ಅತ್ತೆ. ಆ ನಾಳೆ ಬರಲೇ ಇಲ್ಲ.

ಆಸ್ಪತ್ರೆಯ ಗೇಟಿನ ಹತ್ತಿರ ಅತ್ತೆ ಇಳಿದರು. ಮರದ ನೆರಳಲ್ಲಿ ಒಬ್ಬ ಮುದುಕರು, ಒಳಗೆ ಯಾರನ್ನೋ ಮಲಗಿಸಿ ಬಂದವರು, ಸುಮ್ಮನೆ ಕೂತಿದ್ದರು. ಅತ್ತೆ ಅವರ ಮುಂದೆ ತಂಬಿಗೆ ಹಿಡಿದರು.

“ಕುಡೀರಿ, ಅಣ್ಣಾರ. ಮನಿ ಮಜ್ಜಿಗಿ.”

ಮುದುಕರು ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡರು. “ಭಾಳ ಛಲೋ ಐತ್ರಿ ಯವ್ವಾ. ಖರೇ ಹೇಳ್ರಿ, ಯಾರಿಗಿ ತಂದಿದ್ರಿ?”

ನನಗೆ ಅಳು ತಡೆಯಲಾಗಲಿಲ್ಲ, ಆಟೋದ ಕಡೆ ತಿರುಗಿ ನಿಂತೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು:

“ನಮ್ಮ ಮನ್ಯಾವ್ರಿಗ್ರಿ. ರಸ್ತಾ ಆಗೂದು ಸ್ವಲ್ಪ ತಡಾ ಆತು.”