ಎಂಟೂವರೆ ರೈಲು ಓಡಿದ ದಿನ

ಹೆದರ್ ಅಂಡ್ ವೋಲ್ಡ್ ರೈಲು ಕಂಪನಿಯು ಒಂದು ರೈಲನ್ನು ಓಡಿಸಿದ ಕಾರಣಕ್ಕೆ ತನ್ನ ಗುತ್ತಿಗೆಯನ್ನು ಕಳೆದುಕೊಂಡಿತು. ಓಡಿಸದೆ ಇದ್ದಷ್ಟು ದಿನ ಅದರ ಸಮಯಪಾಲನೆ ನೂರಕ್ಕೆ ನೂರು ಇತ್ತೆಂಬುದಕ್ಕೆ ದಾಖಲೆಗಳಿವೆ.

ಈ ದಾಖಲೆಗಳ ಮೂಲಪುರುಷ ಸೆಡ್ರಿಕ್ ಆಕ್ರಾಯ್ಡ್. ಯಾರ್ಕ್‌ಶೈರಿನ ಕ್ರಾಗ್‌ಬಿ ನಿಲ್ದಾಣದ ಮಹಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತು, ರೈಲು ತಡವಾದ ಪ್ರತಿ ನಿಮಿಷಕ್ಕೂ ಯಾರು ಹೊಣೆ ಎಂದು ಬರೆಯುವುದು ಅವನ ಕೆಲಸವಾಗಿತ್ತು. ಹಳಿಯ ಮೇಲೆ ಕುರಿ ಮಲಗಿದರೆ ಹಳಿ ನೋಡಿಕೊಳ್ಳುವವರ ತಪ್ಪು. ಕುರಿ ಎದ್ದುಹೋದ ಮೇಲೂ ಡ್ರೈವರ್ ಚಹಾ ಕುಡಿಯುತ್ತಿದ್ದರೆ ಕಂಪನಿಯ ತಪ್ಪು. ನಿವೃತ್ತಿಗೆ ಒಂದು ವರ್ಷವಿದ್ದಾಗ ಅವನು ನಿಯಮಾವಳಿಯನ್ನು ತಿರುವಿಹಾಕಿ ಒಂದು ರತ್ನವನ್ನು ಹೆಕ್ಕಿ ತೆಗೆದ. ಹಿಂದಿನ ದಿನ ಸಂಜೆ ಆರರೊಳಗೆ ರದ್ದುಪಡಿಸಿದ ರೈಲು ಮರುದಿನದ ವೇಳಾಪಟ್ಟಿಯಲ್ಲೇ ಇರತಕ್ಕದ್ದಲ್ಲ. ಪಟ್ಟಿಯಲ್ಲಿಲ್ಲದ ರೈಲು ತಡವಾಗುವುದಿಲ್ಲ, ರದ್ದಾಯಿತೆಂದು ಲೆಕ್ಕಕ್ಕೂ ಬರುವುದಿಲ್ಲ. ರದ್ದಾಗದ ರೈಲಿಗೆ ಬದಲಿ ಬಸ್ಸು ಬಿಡುವ ಪ್ರಶ್ನೆಯೇ ಏಳದು. ಕಂಪನಿಯ ವ್ಯವಸ್ಥಾಪಕಿ ಮಿಸೆಸ್ ಬ್ರೇಸ್‌ವೆಲ್ ಕೈಯಾರೆ ಅವನಿಗೊಂದು ಗೋಡೆ ಗಡಿಯಾರ ಕೊಟ್ಟು ಸನ್ಮಾನಿಸಿದಳು.

ಅವನು ನಿವೃತ್ತನಾದ ಮೇಲೆ ಹೆಂಡತಿ ಡೋರೀನ್ ಬಿದ್ದು ಸೊಂಟ ಮುರಿದುಕೊಂಡಳು. ಅವಳನ್ನು ಮೂವತ್ತು ಮೈಲಿ ಆಚೆ, ಸ್ಕೆಲ್‌ಬೆಕ್ ಊರಿನ ಆರೈಕೆ ಮನೆಯಲ್ಲಿ ಬಿಡಬೇಕಾಯಿತು. ಭೇಟಿಯ ಸಮಯ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಕಾರು ಓಡಿಸಲು ಅವನ ಕಣ್ಣು ಸಾಲದು. ಇದ್ದದ್ದು ಎಂಟೂವರೆ ರೈಲೊಂದೇ, ಅವನದೇ ನಿಯಮದಂತೆ ದಿನವೂ ಹಿಂದಿನ ಸಂಜೆಯೇ ರದ್ದಾಗಿ ಅದೂ ಇರಲಿಲ್ಲ. ಬೇರೆ ಊರಾಗಿದ್ದರೆ ಯಾರಾದರೂ ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಿದ್ದರು. ಕ್ರಾಗ್‌ಬಿಯವರು ಸಭ್ಯರು, ಹವಾಮಾನದ ಬಗ್ಗೆ ಮಾತಾಡಿದರು.

ದಿನವೂ ಸೆಡ್ರಿಕ್ ಸೇರಿ ಆರೇಳು ಜನ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ರೈಲಿಲ್ಲವೆಂದು ಸಾಲು ಮುರಿಯುವಷ್ಟು ಆ ಊರು ಕೆಟ್ಟಿರಲಿಲ್ಲ. ಎಂಟೂವರೆಗೆ ಸರಿಯಾಗಿ ಧ್ವನಿವರ್ಧಕ ಹೇಳುತ್ತಿತ್ತು: “ಪ್ರಯಾಣಿಕರ ಗಮನಕ್ಕೆ. ಇಂದಿನ ಎಲ್ಲ ರೈಲುಗಳೂ ನಿಗದಿತ ಸಮಯಕ್ಕೆ ಸಂಚರಿಸುತ್ತಿವೆ.” ಆಮೇಲೆ, ಮೊದಲು ಬಂದವರು ಮೊದಲು ಮನೆಗೆ ಹೋಗುತ್ತಿದ್ದರು.

ಅಕ್ಟೋಬರಿನ ಒಂದು ಮಂಗಳವಾರ ಅನಾಹುತವಾಯಿತು. ಎರಡು ವಾರ ಸ್ಪೇನಿನ ಬಿಸಿಲು ಕಾಯಿಸಿಕೊಂಡು ಬಂದ ಡ್ರೈವರ್ ಗ್ಲೆನ್ ರಜೆಯ ಗುಂಗಿನಲ್ಲಿ ಅಂದಿನ ರದ್ದತಿಯ ನೋಟಿಸು ಓದದೆ ರೈಲು ತಂದು ನಿಲ್ಲಿಸಿಬಿಟ್ಟ. ಮೇಲ್ಸೇತುವೆಯ ಮೇಲಿದ್ದ ಸೆಡ್ರಿಕ್ ಹೆಂಡತಿಗೆಂದು ಮಾಡಿದ ಕೇಕಿನ ಡಬ್ಬಿ ಅವುಚಿಕೊಂಡು, ಬಲಗಾಲು ಎಳೆಯುತ್ತ ಮೆಟ್ಟಿಲಿಳಿಯತೊಡಗಿದ.

“ನಿಧಾನ ಕಣೋ ಮುದ್ಕಪ್ಪ! ಮನೇಲಿ ಮುರಿದಿರೋದು ಒಂದ್ ಸೊಂಟ ಸಾಲ್ದಾ?” ಗ್ಲೆನ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

“ನೀನು ಹೊರಡೋ ಗ್ಲೆನ್! ನಿಮಿಷ ಎಣಿಸ್ತಾರೆ!”

“ಯಾರ್ ಎಣಿಸ್ತಾರೆ? ಎಣಿಸ್ತಿದ್ದೋನು ನೀನೇ ಅಲ್ವಾ!”

ಅವನು ಹತ್ತುವವರೆಗೆ ಕಾದ ರೈಲು ನಾಲ್ಕು ನಿಮಿಷ ತಡವಾಗಿ ಹೊರಟು ನಾಲ್ಕು ನಿಮಿಷ ತಡವಾಗಿ ತಲುಪಿತು. ಐದು ತಿಂಗಳ ಮೇಲೆ ಗಂಡನನ್ನು ಕಂಡ ಡೋರೀನ್ ಕೇಕನ್ನು ಕಚ್ಚಿ, “ಶುಂಠಿ ಕಮ್ಮಿ ಆಯ್ತು,” ಎಂದಳು. ಸೆಡ್ರಿಕ್‌ಗೆ ಅಳು ತಡೆಯಲಾಗಲಿಲ್ಲ.

ಪಟ್ಟಿಯಲ್ಲಿಲ್ಲದಿದ್ದರೂ ಓಡಿದ ತಪ್ಪಿಗೆ ಅದು ಲೆಕ್ಕಕ್ಕೆ ಬಂತು. ಅಂದು ಓಡಿದ ರೈಲು ಒಂದು, ತಡವಾದ ರೈಲು ಒಂದು. ಸಮಯಪಾಲನೆ ನೂರರಿಂದ ಸೊನ್ನೆಗೆ ಬಿತ್ತು. ಲಂಡನ್ನಿನಲ್ಲಿ ಮಂತ್ರಿಗಳು ಕಳವಳ ವ್ಯಕ್ತಪಡಿಸಿದರು, ತನಿಖೆ ನಡೆಯಿತು. ನಾಲ್ಕು ನಿಮಿಷದ ಹೊಣೆಯನ್ನು ಗೊತ್ತುಮಾಡಬಲ್ಲ ತಜ್ಞ ಒಬ್ಬನೇ ಆದ್ದರಿಂದ ಸೆಡ್ರಿಕ್‌ನನ್ನೇ ಕರೆಸಿದರು. ಅವನು ವೃತ್ತಿಗೆ ದ್ರೋಹ ಬಗೆಯಲಿಲ್ಲ. ‘ಹೊಣೆ: ಸೆಡ್ರಿಕ್ ಆಕ್ರಾಯ್ಡ್, ಬಲ ಮೊಣಕಾಲು’ ಎಂದು ಬರೆದು ಸಹಿ ಹಾಕಿದ. ಮೊಣಕಾಲಿನ ಬಳಿ ಗುತ್ತಿಗೆ ಇಲ್ಲವಾದ್ದರಿಂದ ಕಂಪನಿಯದನ್ನೇ ಕಿತ್ತುಕೊಳ್ಳಲಾಯಿತು.

ಹೊಸ ಗುತ್ತಿಗೆ ವೋಲ್ಡ್ ಅಂಡ್ ಹೆದರ್ ಎಂಬ ಕಂಪನಿಗೆ ಸಿಕ್ಕಿತು. ನಿಲ್ದಾಣದ ಬೋರ್ಡಿನಲ್ಲಿ ಎರಡು ಹಲಗೆಗಳನ್ನು ಅದಲುಬದಲು ಮಾಡಿದರು. ಮೊದಲ ದಿನ ಊರಿನ ವಾದ್ಯದವರು ಬಂದರು, ಬಣ್ಣದ ಕಾಗದದ ತೋರಣ ಕಟ್ಟಿದರು. ಇನ್ನು ದಿನವೂ ಡೋರೀನ್‌ಳನ್ನು ನೋಡಬಹುದೆಂದು ಸೆಡ್ರಿಕ್ ಭಾನುವಾರ ಚರ್ಚಿಗೆ ತೊಡುವ ಕೋಟು ಹಾಕಿ, ಈ ಸಲ ಶುಂಠಿ ಹೆಚ್ಚಿಗೆ ಬಿದ್ದ ಕೇಕು ಹಿಡಿದು ಸಾಲಿನ ಮುಂದೆ ನಿಂತಿದ್ದ. ಎಂಟೂವರೆ ಆಯಿತು, ವಾದ್ಯ ಮೊಳಗಿತು, ಜನ ಚಪ್ಪಾಳೆ ತಟ್ಟಿದರು.

“ರೈಲೆಲ್ಲಿ, ಮಿಸೆಸ್ ಬ್ರೇಸ್‌ವೆಲ್?” ಪಕ್ಕದಲ್ಲಿ ನಿಂತಿದ್ದ ಹೊಸ ಕಂಪನಿಯ ವ್ಯವಸ್ಥಾಪಕಿಯನ್ನು ಸೆಡ್ರಿಕ್ ಕೇಳಿದ.

“ಯಾವ ರೈಲು ಸೆಡ್ರಿಕ್? ಅದನ್ನ ನಿನ್ನೆ ಐದೂವರೆಗೇ ತೆಗೆದಾಯ್ತಲ್ಲ. ಹಳೇ ಕಂಪನಿಯವ್ರ ಥರ ರೈಲು ಓಡಿಸಿ ಹೆಸರು ಕೆಡಿಸ್ಕೊಳ್ಳೋಕೆ ನಮಗೇನು ಹುಚ್ಚಾ?”

“ಹಳೇ ಕಂಪನಿಯವ್ರು ಅಂದ್ರೆ ನೀವೇ ಅಲ್ವೇನ್ರೀ?”

“ಆಗ ನಂದು ನೇರಳೆ ಸ್ಕಾರ್ಫು,” ಎಂದು ಆಕೆ ಕೊರಳಿನಲ್ಲಿದ್ದ, ಹೊಸ ಸಮವಸ್ತ್ರದ ಹಸಿರು ಸ್ಕಾರ್ಫನ್ನು ಮುಟ್ಟಿ ತೋರಿಸಿದಳು. “ನಿಮ್ಮ ನಿಯಮ ಬಂಗಾರದಂಥದ್ದು. ಅದನ್ನ ಒಂದು ದಿನ ಮೀರಿದ್ದಕ್ಕೇ ಅವ್ರು ಹಾಳಾದ್ರು.”

ಆಕೆ ಅವನಿಗೆ ಇನ್ನೊಂದು ಗಡಿಯಾರ ಕೊಟ್ಟಳು. ಗ್ಲೆನ್‌ನನ್ನು, ರಜೆ ಮುಗಿಸಿ ಬಂದವರಿಗೆ ನೋಟಿಸು ಓದಿಸುವ ಹುದ್ದೆಗೆ ಬಡ್ತಿಯ ಮೇಲೆ ಕಳಿಸಲಾಯಿತು.

ಅಂದು ಸಂಜೆ ಸೆಡ್ರಿಕ್ ಸ್ಕೆಲ್‌ಬೆಕ್‌ಗೆ ಫೋನ್ ಮಾಡಿದ.

“ಡೋರೀನ್, ನಾಳೆ ನಾನು ಬರೋದನ್ನ ರದ್ದು ಮಾಡ್ತಿದೀನಿ.”

“ಗಂಟೆ ಎಷ್ಟಾಯ್ತು?”

“ಆರಕ್ಕೆ ಕಾಲು ಗಂಟೆ ಇದೆ. ಎರಡೂ ಗಡಿಯಾರ ನೋಡ್ದೆ.”

ಇಪ್ಪತ್ತೆರಡು ವರ್ಷ ಅವನ ಊಟದ ಡಬ್ಬಿ ಕಟ್ಟಿದವಳಿಗೆ ನಿಯಮ ಗೊತ್ತಿಲ್ಲದೆ ಏನು? “ಸರಿ ಬಿಡು. ತಪ್ಪಿಸ್ದಂಗೆ ಆಗಲ್ಲ,” ಎಂದಳು. ದಾದಿಯನ್ನು ಕರೆದು ಭೇಟಿಯ ಪುಸ್ತಕದಲ್ಲಿ ಹಾಗೇ ಬರೆಸಿದಳು.

ಅಂದಿನಿಂದ ದಿನವೂ ಆರಕ್ಕೆ ಕಾಲು ಗಂಟೆ ಇರುವಾಗ ಫೋನ್ ಬರುತ್ತದೆ. ಒಂದು ವರ್ಷವಾದ ಮೇಲೆ, ಕ್ರಿಸ್‌ಮಸ್ಸಿಗೆ, ಆರೈಕೆ ಮನೆಯವರು ಪುಸ್ತಕ ಪರಿಶೀಲಿಸಿ, ಭೇಟಿಯನ್ನು ಎಂದೂ ತಪ್ಪಿಸದ ಏಕೈಕ ಬಂಧು ಎಂದು ಸೆಡ್ರಿಕ್‌ಗೆ ಪ್ರಶಸ್ತಿಪತ್ರ ಕೊಟ್ಟರು. ಅದನ್ನು ಸ್ವೀಕರಿಸಲು ಬರುವುದನ್ನು ಅವನು ಹಿಂದಿನ ಸಂಜೆಯೇ ರದ್ದು ಮಾಡಿದ್ದ. ಡೋರೀನ್ ಆ ಪತ್ರವನ್ನು ಹಾಸಿಗೆಯ ಪಕ್ಕದ ಖಾಲಿ ಕುರ್ಚಿಯಲ್ಲಿ ಒರಗಿಸಿಟ್ಟಿದ್ದಾಳೆ. ಯಾರಾದರೂ ಅಲ್ಲಿ ಕೂರಲು ಹೋದರೆ ತಡೆಯುತ್ತಾಳೆ.

“ಅದು ನನ್ನ ಗಂಡನ ಜಾಗ. ಒಂದು ದಿನಾನೂ ತಪ್ಪಿಸಿಲ್ಲ.”