ಒಂದು ಕುಲಾವಿ, ಅರ್ಧ ಕಿಲೋಮೀಟರ್

ಹದಿನೆಂಟು ಟನ್ ಕಬ್ಬಿಣವನ್ನು ಒಂದೇ ಬೆರಳಿನಲ್ಲಿ ಎತ್ತುವ ಮನುಷ್ಯ ನಾನು. ನಗಬೇಡಿ! ಗಿಣಿಗೇರಾ ಹತ್ತಿರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕ್ರೇನ್ ಓಡಿಸುತ್ತಿದ್ದೇನೆ. ಗುಂಡಿ ಒತ್ತುವುದು ಬೆರಳೇ ತಾನೆ? ಅಂಥ ಬೆರಳಿಗೆ ಒಂದೆಳೆ ಉಲ್ಲನ್ ದಾರ ಬಗ್ಗುವುದಿಲ್ಲ ಎಂದರೆ ಕೇಳಿಕೊಂಡು ಸುಮ್ಮನಿರಲಾದೀತೇ? ಎಂದವಳು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ ವಾಣಿಶ್ರೀ.

ಕೊಪ್ಪಳದ ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಜೋಹರಾಬಿಯ ಉಲ್ಲನ್ ಅಂಗಡಿ ಇದೆ. ಜೋಹರಾಬಿ ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟು ದೊಡ್ಡದು! ಆದರೆ ಹೊರಗೆ ಎರಡು ಉದ್ದನೆಯ ಬೆಂಚುಗಳಿವೆ. ಮಧ್ಯಾಹ್ನ ಮೂರಾಯಿತೆಂದರೆ ಅಲ್ಲಿ ಹೆಂಗಸರ ಮಹಾಸಭೆ. ಬೆಳಿಗ್ಗೆಯೆಲ್ಲ ಸೊಪ್ಪು ಮಾರುವ ದುರುಗವ್ವ ಎತ್ತುಗಳ ಕೋಡಿಗೆಂದು ಗೊಂಡೆ ಕಟ್ಟುತ್ತಾಳೆ. ಕಾಲೇಜಿಗೆ ಹೋಗುವ ಅಫ್ಸಾನಾ ಮೊಬೈಲಿಗೆ ಚೀಲ ಹೆಣೆಯುತ್ತಾಳೆ. ನನ್ನಾಕೆ ಬಾಗಿಲ ತೋರಣದಲ್ಲಿ ಗಿಳಿ ಕೂರಿಸುತ್ತಾಳೆ. ಎಲ್ಲರೂ ಸೇರಿ ದವಾಖಾನೆಯಲ್ಲಿ ಹುಟ್ಟುವ ಕೂಸುಗಳಿಗೆ ಟೊಪ್ಪಿಗೆ ಹೆಣೆದು ಕಳಿಸುವುದೂ ಉಂಟು.

ಇದೆಲ್ಲ ಗೊತ್ತಿದ್ದೂ ಒಂದು ಸಂಜೆ ಚಹಾ ಕುಡಿಯುತ್ತ ನಾನು ನಾಲಿಗೆ ಸಡಿಲ ಬಿಟ್ಟೆ.

"ನಮ್ಮೂರಾಗ ಇರೋದು ಎರಡ ಕಾಲ. ಬಿಸಿಲು, ಇನ್ನೂ ಜಾಸ್ತಿ ಬಿಸಿಲು. ಇಲ್ಲಿ ಉಲ್ಲನ್ ಯಾರಿಗೆ ಬೇಕು? ಅದು ದಾರದ ಅಂಗಡಿ ಅಲ್ಲ ಬಿಡು, ಮಾತಿನ ಅಂಗಡಿ. ಕೈ ಸುಮ್ನ ನೆಪಕ್ಕ ಆಡ್ತಾವ."

ವಾಣಿ ಲೋಟ ಕೆಳಗಿಟ್ಟಳು. "ಹಂಗಾರ ಆ ನೆಪ ನೀವೂ ಒಂದ್ಸಲ ಮಾಡಿ ತೋರಸ್ರಿ. ಮಗಳ ಕೂಸಿನ ತೊಟ್ಟಲ ಕಾರ್ಯಕ್ಕ ಕುಲಾವಿ ಬೇಕು. ಇನ್ನ ಹದಿನೈದು ದಿನ ಐತಿ. ನಿಮ್ಮ ಬೆರಳಿಗೆ ಆ ದಾರ ಬಗ್ಗಂಗಿಲ್ಲ, ಬರದ ಕೊಡ್ತೀನಿ."

"ಒಂದ್ಯಾಕ, ಎರಡು ಹೆಣಿತೀನಿ!"

"ಒಂದ ಸಾಕ್ರಿ. ಕೂಸಿಗೆ ತಲಿ ಒಂದ ಐತಿ."

ಒಳಗಿನ ಕೋಣೆಯಲ್ಲಿ ಬಾಣಂತಿ ಮಗಳು ದೀಪಿಕಾ ಕಿಸಕ್ಕೆಂದಳು. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ.

ಮರುದಿನ ಮೀಸೆ ತಿರುವಿಕೊಂಡು ಅಂಗಡಿಯ ಮುಂದೆ ನಿಂತೆ. "ಬರ್ರಿ ಅಣ್ಣಾರ, ವಾಣಿ ಅಕ್ಕಾಗ ಯಾವ ಬಣ್ಣ ಬೇಕಂತ?" ಎಂದಳು ಜೋಹರಾಬಿ.

"ನನಗ ಬೇಕು. ಹಳದಿ. ಮತ್ತ ಒಂದು ಕ್ರೋಶಾ ಸೂಜಿ."

ಬೆಂಚಿನ ಮೇಲಿನ ಅಷ್ಟೂ ಕೈಗಳು ಒಮ್ಮೆಲೇ ನಿಂತವು. ದುರುಗವ್ವ ಮಾತ್ರ ಸೀರೆಯ ಸೆರಗು ಬಾಯಿಗೊತ್ತಿಕೊಂಡು ಸರಿದು ಜಾಗ ಮಾಡಿಕೊಟ್ಟಳು. ಕೂತೆ. ಕೂತೇ ಬಿಟ್ಟೆ! ಹಾದುಹೋಗುವ ಗಂಡಸರು ಸೈಕಲ್ಲಿನಿಂದ ಬೀಳುವಂತೆ ಹೊರಳಿ ನೋಡಿದರು. ನಾನೂ ಅವರನ್ನು ಹಾಗೆಯೇ ನೋಡಿದೆ.

"ಮೊದಲ ಸರಪಳಿ ಹಾಕಬೇಕ್ರಿ," ಎಂದಳು ಜೋಹರಾಬಿ.

"ಸರಪಳಿ ನನಗ ಹೇಳಬ್ಯಾಡವಾ! ಹುಟ್ಟಿದಾಗಿಂದ ಅದನ್ನ ನೋಡಕೋತ ಬಂದೀನಿ."

"ಅದು ಕಬ್ಬಿಣದ್ದು, ಬಿಗಿದಷ್ಟೂ ಛಲೋ. ಇದು ಉಸಿರಾಡಬೇಕು. ಸುತ್ತು ಸುತ್ತಿಗೆ ಮನಿ, ಅಂದ್ರ ಕುಣಿಕಿ, ಹೆಚ್ಚಿಸ್ರಿ. ಅಂಗೈ ಅಗಲ ಆದ ಮ್ಯಾಲೆ ಹೆಚ್ಚಸೋದು ನಿಲ್ಲಸ್ರಿ, ತಾನ ಬಟ್ಟಲದಂಗ ಬಗ್ಗತೈತಿ. ಮರೀಬ್ಯಾಡ್ರಿ."

ಮರೆತೆ. ಮರೆಯದೆ ಏನು ಮಾಡಲಿ? ನನ್ನ ಬೆರಳುಗಳು ಆಗ ವಿಜಯೋತ್ಸಾಹದಲ್ಲಿದ್ದವು. ಕಾರ್ಖಾನೆಗೂ ಅದನ್ನು ಒಯ್ದೆ. ಊಟದ ಹೊತ್ತಿನಲ್ಲಿ ಜೊತೆಗಾರ ಸುಭಾಷ್ ಇಡೀ ಕ್ಯಾಂಟೀನಿಗೆ ಕೇಳಿಸುವಂತೆ ಕೂಗಿದ: "ಪ್ರಭುರಾಜಣ್ಣ, ಬಾಣಂತನ ನಿಂದೋ, ಮಗಳದೋ?"

"ಬಾಣಂತನ ಮಗಳದು. ಅಜ್ಜತನ ನಂದು! ನಿನಗೇನರ ತ್ರಾಸ ಐತೇನು?" ಎಂದು ಸೂಜಿಯನ್ನು ಅವನತ್ತ ತಿರುಗಿಸಿದೆ. ಅವನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ವಾರ ಕಳೆಯಿತು. ಕುಲಾವಿ ಅಂಗೈ ದಾಟಿತು, ತಟ್ಟೆ ದಾಟಿತು, ಜೋಳದ ರೊಟ್ಟಿಯನ್ನೂ ದಾಟಿತು. ಬಟ್ಟಲಿನಂತೆ ಬಗ್ಗುವ ಲಕ್ಷಣವೇ ಇಲ್ಲ. ನನ್ನ ಹಾಗೆಯೇ ನೆಟ್ಟಗೆ, ಚಪ್ಪಟೆಯಾಗಿ, ಹಠದಿಂದ ಬೆಳೆಯಿತು.

"ಇದು ಕುಲಾವಿ ಏನ್ರೀ? ಕೊಡದ ಮ್ಯಾಲ ಮುಚ್ಚಿದ್ರೂ ಇನ್ನೊಂದು ಕೊಡಕ್ಕ ಉಳಿತೈತಿ," ಎಂದಳು ವಾಣಿ. "ಬಿಚ್ಚಿಬಿಡ್ರಿ. ನಾವೆಲ್ಲಾ ದಿನಾ ಬಿಚ್ಚತೀವಿ."

"ನೀವು ಬಿಚ್ಚತೀರಿ. ನಾ ಬಿಚ್ಚಂಗಿಲ್ಲ! ಕೂಸು ಬೆಳಿತೈತಿ."

"ಕೂಸಿನ ತಲಿ ಅಷ್ಟು ಬೆಳದ್ರ ದವಾಖಾನಿಗೆ ಓಡಬೇಕಾಕ್ಕೈತಿ!"

ತೊಟ್ಟಿಲ ಕಾರ್ಯದ ಹಿಂದಿನ ದಿನ ದಾರ ಮುಗಿಯಿತು. ಅಂಗಡಿಗೆ ಹೋದೆ. ದುರುಗವ್ವ ನನ್ನ ದಾರದ ತುದಿಗೆ ಹೊಸ ಉಂಡೆಯ ಗಂಟು ಹಾಕಿ, ಆ ಉಂಡೆಯನ್ನು ಬೆಂಚಿನ ಕೆಳಗೆ ಇಟ್ಟುಕೊಂಡಳು. ಅಷ್ಟರಲ್ಲಿ ಅಫ್ಸಾನಾ ನನ್ನ ಕೃತಿಯನ್ನು ಬಿಡಿಸಿ ಹಿಡಿದಳು. ಬೆಂಚಿಗೆ ಬೆಂಚೇ ನಕ್ಕಿತು.

"ಯಪ್ಪಾ, ಬಿಚ್ಚೋದು ಸೋಲಲ್ಲ," ಎಂದಳು ದುರುಗವ್ವ ಮೆತ್ತಗೆ. "ನನ್ನ ಮೊದಲ ಗೊಂಡೆ ಏಳು ಸಲ ಬಿಚ್ಚೀನಿ."

ಮೆತ್ತಗೆ ಹೇಳಿದ್ದೇ ನನಗೆ ತಡೆಯಲಾಗಲಿಲ್ಲ. "ಪ್ರಾಣ ಹೋದ್ರೂ ಬಿಚ್ಚಂಗಿಲ್ಲ!" ಎಂದು ಘರ್ಜಿಸಿ, ಕುಲಾವಿಯನ್ನು ಚೀಲಕ್ಕೆ ತುರುಕಿ, ಚೀಲವನ್ನು ಬೈಕಿಗೆ ನೇತುಹಾಕಿ ಹೊರಟೇ ಬಿಟ್ಟೆ. ಸೂಜಿ ಅಲ್ಲೇ ಬಿದ್ದಿತ್ತು. ಉಂಡೆಯೂ ಬೆಂಚಿನ ಕಾಲಿಗೆ ಸಿಕ್ಕಿಕೊಂಡು ಅಲ್ಲೇ ಉಳಿದಿತ್ತು. ಸಿಟ್ಟಿನಲ್ಲಿ ಅದನ್ನೆಲ್ಲ ನೋಡುವವರು ಯಾರು?

ದಾರಿಯುದ್ದಕ್ಕೂ ಜನ ಕೈ ಎತ್ತಿ ಕೂಗುತ್ತಿದ್ದರು. "ದಾರ... ದಾರ...!" ಹೆಲ್ಮೆಟ್ಟಿನೊಳಗಿನ ನನ್ನ ಕಿವಿಗೆ ಅದು "ದಾರಿ, ದಾರಿ!" ಎಂದು ಕೇಳಿಸಿತು. ಆಹಾ, ಅಜ್ಜನಾದ ಸುದ್ದಿ ಊರಿಗೆಲ್ಲ ಹಬ್ಬಿದೆ, ಮಂತ್ರಿಗೆ ಬಿಟ್ಟಂತೆ ದಾರಿ ಬಿಡುತ್ತಿದ್ದಾರೆ ಎಂದುಕೊಂಡು ಕೈ ಬೀಸುತ್ತ ಸಾಗಿದೆ!

ಮನೆಯ ಮುಂದೆ ಇಳಿದು ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಅಂಗೈ ಅಗಲದ ಹಳದಿ ಬಿಲ್ಲೆ. ಅದರ ತುದಿಯಿಂದ ಹೊರಟ ದಾರ ಗೇಟು ದಾಟಿ, ಬಾಳೆಹಣ್ಣಿನ ಗಾಡಿ ಸುತ್ತಿ, ನಿಂತ ಆಟೋದ ಕನ್ನಡಿ ಹಿಡಿದು, ಓಣಿಯ ತಿರುವಿನಲ್ಲಿ ಕಣ್ಮರೆಯಾಗಿತ್ತು. ಹದಿನೈದು ದಿನದ ನನ್ನ ಹಠ ಕೊಪ್ಪಳದ ಬೀದಿಯಲ್ಲಿ ಉದ್ದಕ್ಕೆ ಮಲಗಿತ್ತು!

ವಾಣಿ ಬಾಗಿಲಿಗೆ ಬಂದು ನೋಡಿದಳು. ಈಗ ನಗುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡೆ. ನಗಲಿಲ್ಲ. "ನಾಳಿಗೆ ಕೂಸಿನ ತಲಿಗೆ ಏನ್ರೀ?" ಎಂದಳು. ನಾನು ಬಿಲ್ಲೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ಅಂಗಡಿಯಿಂದ ಸಿದ್ಧ ಟೊಪ್ಪಿಗೆ ತರಬಹುದಿತ್ತು. ಆದರೆ ದೀಪಿಕಾ ಅತ್ತೆಮನೆಯವರಿಗೆಲ್ಲ ಫೋನಿನಲ್ಲಿ, "ನಮ್ಮಪ್ಪಾರ ಸ್ವಂತ ಹೆಣಿಯಾಕತ್ತಾರ" ಎಂದು ಹೇಳಿಕೊಂಡಿದ್ದಳು.

ಅಷ್ಟರಲ್ಲಿ ತಿರುವಿನಲ್ಲಿ ಒಂದು ಮೆರವಣಿಗೆ ಕಾಣಿಸಿತು. ಮುಂದೆ ಜೋಹರಾಬಿ, ಹಿಂದೆ ದುರುಗವ್ವ, ಅಫ್ಸಾನಾ, ಇನ್ನೂ ನಾಲ್ವರು. ಗಾಡಿಯಿಂದ, ಕನ್ನಡಿಯಿಂದ ಬಿಡಿಸಿಕೊಳ್ಳುತ್ತ, ದಾರವನ್ನು ಉಂಡೆ ಸುತ್ತುತ್ತ, ಸುತ್ತುತ್ತ ನನ್ನ ಮನೆಯನ್ನೇ ಹುಡುಕಿಕೊಂಡು ಬಂದಿದ್ದರು! ಅಂಗಡಿಗೆ ಆ ಹೊತ್ತಿನಲ್ಲಿ ಬೀಗ ಬಿದ್ದದ್ದು ಅದೇ ಮೊದಲಂತೆ.

"ಇಷ್ಟು ಉಳಿದಿದ್ದು ಛಲೋ ಆತು ಅಣ್ಣಾರ," ಎಂದು ಜೋಹರಾಬಿ ಬಿಲ್ಲೆಯನ್ನು ತಿರುಗಿಸಿ ನೋಡಿದಳು. "ನಡುಭಾಗ ಭಾಳ ಚಂದ ಬಂದೈತಿ."

ನಮ್ಮ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರು ಒಂದೊಂದು ಸುತ್ತು ಹಾಕಿದರು. ನಾನು ಚಹಾ ಮಾಡಿ ತಂದೆ. ದೀಪ ಹಚ್ಚುವ ಹೊತ್ತಿಗೆ ಕುಲಾವಿ ಬಟ್ಟಲಿನಂತೆ ಬಗ್ಗಿತು. "ಒಂದು ಸುತ್ತು ನನಗ ಬಿಡ್ರಿ!" ಎಂದು ಪಟ್ಟು ಹಿಡಿದೆ. ಅವರು ಮುಖ ಮುಖ ನೋಡಿಕೊಂಡರು. ಬಿಟ್ಟರು.

ಮರುದಿನ ಯಲಬುರ್ಗಾ ಕಡೆಯ ಮಂಗಳೂರಿನಿಂದ (ಸಮುದ್ರದ ಮಂಗಳೂರಲ್ಲ, ನಮ್ಮದು!) ಬೀಗರು ಬಂದರು. ಬೀಗ ಕೊಟ್ರಬಸಪ್ಪನವರು ತೊಟ್ಟಿಲಿಗೆ ಬಗ್ಗಿ ಮೊಮ್ಮಗಳನ್ನು ನೋಡಿ, "ಭಾಳ ಛಲೋ ಕುಲಾವಿ! ಯಾರ ಕೈದು?" ಎಂದರು.

ಜೋಹರಾಬಿಯ ಬಳಗವೆಲ್ಲ ಅಲ್ಲೇ ಇತ್ತು. ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಆದರೆ ಸುಮ್ಮನಿರುವ ಜಾಯಮಾನವೂ ನನ್ನದಲ್ಲ.

"ಇವರೆಲ್ಲಾರ್ದು ಬೀಗ್ರ. ಆದ್ರ ಒಂದು ಸುತ್ತು ಪೂರಾ ನಂದು!" ಎಂದು ಎದೆ ಉಬ್ಬಿಸಿದೆ.

"ಹೌದಾ? ಯಾವ ಸುತ್ತ್ರೀ?"

ನಾನು ಹುಡುಕುವ ಮೊದಲೇ ವಾಣಿ ಬೆರಳು ತೋರಿಸಿದಳು.

"ಅಕಾ ಅಲ್ಲೇ ನೋಡ್ರಿ ಬೀಗ್ರ, ಕೂಸಿನ ಕಿವಿ ತೂತಿನ್ಯಾಗಿಂದ ಹೊರಗ ಬಂದೈತಲ್ಲ, ಅದ ಸುತ್ತು!"