ಆರು ಸಸಿ, ಒಂದು ಹಿಂದಿನ ಕೋಣೆ

ಬೆಳಗ್ಗೆ ಎಂಟಕ್ಕೆ ವಾಷಿಂಗ್ಟನ್ ಎಚೆಬೆರ್ರಿ ಹಿಂದಿನ ಕೋಣೆಯ ಬಾಗಿಲು ತೆಗೆದು ಸಸಿಗಳ ಮುಖ ನೋಡಿದ. ಸಸಿಗಳೂ ಅವನ ಮುಖ ನೋಡಿದವು. ಎರಡೂ ಕಡೆ ಕಳೆ ಇರಲಿಲ್ಲ.

ಆರು ಕುಂಡ, ಆರು ಗಾಂಜಾ ಸಸಿ. ಮೂರು ವಾರದ ಹಿಂದೆ ಬಂದಾಗ ಒಂದು ಗೇಣು ಎತ್ತರವಿದ್ದವು, ಇವತ್ತಿಗೂ ಒಂದೇ ಗೇಣು. ಕೆಳಗಿನ ಎಲೆಗಳ ಅಂಚು ಕಂದು ತಿರುಗಿ, ಕೆಂಡದ ಮೇಲೆ ಮರೆತ ಹಪ್ಪಳದ ಹಾಗೆ ಮುರುಟಿಕೊಂಡಿತ್ತು.

"ಗ್ಲಾಡಿಸ್! ಇನ್ನೆರಡು ಎಲೆ ಹೋಯ್ತು ಕಣೇ!"

"ನಮ್ಮಕ್ಕ ಬರೋದು ಸಂಜೆ ಆರಕ್ಕೆ ಮುದುಕಾ," ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ಅಷ್ಟರೊಳಗೆ ಏನಾದ್ರೂ ಮಾಡ್ಕೋ. ನನ್ನನ್ನ ನಡುವೆ ಎಳೀಬೇಡ."

ಅಕ್ಕ ಎಂದರೆ ಮಾಬೆಲ್. ನಲವತ್ತು ವರ್ಷ ಮೊಂಟೆವಿಡಿಯೋದ ಕಾರ್ನಿವಲ್ ಕುಣಿತದವರಿಗೆಲ್ಲ ಉಡುಪು ಹೊಲಿದು ಹೊಲಿದು ಅವಳ ಬೆರಳುಗಳು ಶುಂಠಿಯ ಗೆಣ್ಣಿನ ಹಾಗೆ ಆಗಿದ್ದವು. ಈ ಗಿಡದಿಂದ ಅವಳೇ ಕಾಯಿಸುವ ಮುಲಾಮು ಹಚ್ಚಿದರೆ ಮಾತ್ರ ಸೂಜಿ ಹಿಡಿಯಲು ಬಗ್ಗುತ್ತಿದ್ದವು. ಅವಳಿರುವ ಮಗನ ಮನೆಯಲ್ಲಿ ಆ ದೇಶದ ಕಾನೂನು ಮನೆಯೊಂದಕ್ಕೆ ಒಪ್ಪುವ ಆರು ಗಿಡ ಆಗಲೇ ಮಗನ ಹೆಸರಲ್ಲಿದ್ದವು. ಏಳನೆಯದು ಅಪರಾಧ. ಹಾಗಾಗಿ ಅವಳ ಆರು ಸಸಿ ತಂಗಿಯ ಗಂಡನ ಹೆಸರಲ್ಲಿ ನೋಂದಣಿಯಾಗಿ ತಂಗಿಯ ಗಂಡನ ಹಿಂದಿನ ಕೋಣೆಗೆ ಬಂದಿದ್ದವು.

ಉತ್ತರದ ಬಿಸಿನೀರ ಬುಗ್ಗೆಗಳಲ್ಲಿ ಮೂರು ವಾರ ಕೈ ನೆನೆಸಿಕೊಂಡು ಬರಲು ಹೊರಟ ದಿನ ಮಾಬೆಲ್ ಆ ಕೋಣೆಯ ಮಂಚವನ್ನು ಒತ್ತಿ ನೋಡಿ ಹೇಳಿದ್ದಳು: "ವಾಷಿ, ಇವು ಒಣಗಿದ್ರೆ ಮುಂದಿನ ಸಲ ನಾನೇ ಇಲ್ಲಿದ್ದು ಬೆಳೆಸ್ತೀನಿ. ಮಂಚ ಗಟ್ಟಿಯಾಗಿದೆ. ನಂಗೆ ಸಾಕು."

ಆ ಮಂಚ! ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರನಾಗಿ ಓಲಾಡಿದವನಿಗೆ ನಿವೃತ್ತಿಯಲ್ಲಿ ಸಿಕ್ಕ ಏಕೈಕ ಓಲಾಡದ ಜಾಗ ಅದು. ಊಟವಾದ ಮೇಲೆ ಅಲ್ಲೇ ನಿದ್ದೆ, ಭಾನುವಾರ ಅಲ್ಲೇ ರೇಡಿಯೋದಲ್ಲಿ ಫುಟ್‌ಬಾಲ್. ಆ ಕೋಣೆಯಲ್ಲಿ ಅವನು ಜೋರಾಗಿ ಬೈಯ್ಯಬಹುದಿತ್ತು. ಮಾಬೆಲ್ ಬಂದರೆ ಬೈಯ್ಯುವ ಕೆಲಸವೂ ಅವಳ ಪಾಲಾಗುತ್ತಿತ್ತು.

ಅವನು ಸ್ಟೂಲ್ ಎಳೆದುಕೊಂಡು ಸಸಿಗಳ ನಡುವೆ ಕೂತ. ಊರಿನ ಎಲ್ಲರ ಹಾಗೆ ಅವನ ಎಡ ಕಂಕುಳಲ್ಲೂ ಥರ್ಮಾಸ್, ಬಲಗೈಯಲ್ಲಿ ಮಾಟೆ ಕಷಾಯದ ಸೋರೆ ಬುರುಡೆ. ಬುರುಡೆಯ ಸೊಪ್ಪಿಗೆ ಬಿಸಿನೀರು ಹೊಯ್ದು ಹೀರುತ್ತಾ, "ನಿಮಗೇನು ಕಡಿಮೆ ಮಾಡಿದ್ದೀನಿ ಹೇಳ್ರೋ" ಎಂದು ಕೇಳಿದ. ಥರ್ಮಾಸಿನಲ್ಲಿ ಕೊನೆಗೆ ಉಳಿದದ್ದನ್ನು ದಿನದಂತೆ ಆರೂ ಕುಂಡಕ್ಕೆ ಸಮನಾಗಿ ಹಂಚಿದ. ಆ ದೇಶಕ್ಕೆ ಆಗಸ್ಟ್ ಎಂದರೆ ಕಡು ಚಳಿಗಾಲ, ಪಾಪ.

ಗ್ಲಾಡಿಸ್ ಬ್ರೆಡ್ ತರಲು ಹೋದವಳು ಬೇಕರಿಯಲ್ಲಿ ಒಬ್ಬರಿಗೆ ಮಾತ್ರ ವಿಷಯ ಹೇಳಿದಳು. ಅಷ್ಟು ಸಾಕಾಯಿತು. ಅದು ಸಹಕಾರಿ ಬಡಾವಣೆ. ಮೂವತ್ತು ವರ್ಷದ ಹಿಂದೆ ಐವತ್ತು ಕುಟುಂಬಗಳು ಸೇರಿ, ಎಲ್ಲರೂ ಎಲ್ಲರ ಗೋಡೆಗೂ ಇಟ್ಟಿಗೆ ಹೊತ್ತು ಕಟ್ಟಿಕೊಂಡದ್ದು. ಹಾಗಾಗಿ ಅಲ್ಲಿ ಯಾರ ಮನೆಯ ಯಾವ ಕಷ್ಟವೂ ಅವರೊಬ್ಬರ ಸ್ವಂತ ಆಸ್ತಿಯಲ್ಲ.

ಮೊದಲು ಬಂದವನು ನಿವೃತ್ತ ಎಲೆಕ್ಟ್ರಿಷಿಯನ್ ಮಿಲ್ಟನ್. ಕಂಕುಳಲ್ಲಿ ಥರ್ಮಾಸ್.

"ದೀಪ ನೋಡೋ, ದೀಪ! ತಲೆ ಮೇಲೇ ಇಟ್ಟಿದ್ದೀಯಲ್ಲೋ. ಗಿಡ ಬೆಳೆಸ್ತಿದ್ದೀಯೋ, ಕೋಳಿ ಸುಡ್ತಿದ್ದೀಯೋ?"

ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ದೀಪವನ್ನು ಸೂರಿಗೆ ಎಳೆದು ಕಟ್ಟಿದ. ಸಸಿಗಳು ಬಾವಿಯ ತಳದಲ್ಲಿ ಕೂತಂತೆ ಕಂಡವು. ಹೊರಡುವಾಗ ಥರ್ಮಾಸ್ ಅಲುಗಾಡಿಸಿ, ಮಿಕ್ಕದ್ದನ್ನು ಒಂದು ಕುಂಡಕ್ಕೆ ಬಗ್ಗಿಸಿ, "ಕುಡ್ಕೊಳ್ಳಿ ಮಕ್ಳಾ" ಅಂದ. ಆದರೆ ಹೊರಡಲಿಲ್ಲ. ಬಾಗಿಲಲ್ಲಿ ದೋನ್ಯಾ ಇರ್ಮಾ ನಿಂತಿದ್ದಳು.

ಎಲ್ಲರೂ ಗೌರವಕ್ಕೆ 'ದೋನ್ಯಾ' ಎನ್ನುತ್ತಿದ್ದ ಇರ್ಮಾ ಬಡಾವಣೆಯ ಕಾರ್ಯದರ್ಶಿ. ನಡಾವಳಿ ಪುಸ್ತಕವಿಲ್ಲದೆ ಅವಳನ್ನು ಯಾರೂ ಕಂಡವರಿಲ್ಲ. ಗಂಡ ಹೆಂಡತಿ ಜಗಳ ಬಿಡಿಸಲು ಹೋದರೂ ಮೊದಲು ಹಾಜರಿ ಬರೆದುಕೊಳ್ಳುತ್ತಿದ್ದಳು.

"ದೀಪ ಅಲ್ಲ, ಶೀತ," ಎಂದಳು. "ಕಿಟಕಿ ಸಂದಿಯಿಂದ ಗಾಳಿ ಬರ್ತಿದೆ. ಈ ಗೋಡೆ ಯಾರು ಕಟ್ಟಿದ್ದು?"

"ನೀವೇ, ದೋನ್ಯಾ ಇರ್ಮಾ."

"ಹಾಗಾದ್ರೆ ಗಾಳಿ ಬಾಗಿಲಿಂದ ಬರ್ತಿದೆ."

ಅವಳ ಹಿಂದೆಯೇ ಬಂದ ಬೇಕರಿಯ ಬ್ಲಾಂಕಾ, "ಎರಡೂ ಅಲ್ಲ, ಹಸಿವು. ಗೊಬ್ಬರ ಸುರೀರಿ" ಎಂದಳು. ಸಾಕ್ಷಿಗೆ ಒಂದು ಡಬ್ಬಿ ಗೊಬ್ಬರವನ್ನೂ ಹಿಡಿದು ತಂದಿದ್ದಳು. ಮಿಲ್ಟನ್ ಡಬ್ಬಿ ಕಿತ್ತುಕೊಳ್ಳಲು ಹೋದ. ವಾಷಿಂಗ್ಟನ್ ಕುಂಡಗಳಿಗೆ ಅಡ್ಡ ಮಲಗಿದ.

"ಸಭೆ!" ದೋನ್ಯಾ ಇರ್ಮಾ ಪೆನ್ನಿನಿಂದ ಪುಸ್ತಕ ಕುಟ್ಟಿದಳು. "ವಿಷಯ, ಎಲೆ ಕಂದುವುದು. ಶೀತ ಅನ್ನೋರು ಕೈ ಎತ್ತಿ."

ಶೀತಕ್ಕೆ ಒಂದು, ದೀಪಕ್ಕೆ ಒಂದು, ಹಸಿವಿಗೆ ಒಂದು ಮತ ಬಿತ್ತು. ಗ್ಲಾಡಿಸ್ ತಟಸ್ಥ. ಎಲ್ಲರೂ ವಾಷಿಂಗ್ಟನ್ನನತ್ತ ತಿರುಗಿದರು. ಅವನು ನೆಲದಲ್ಲೇ ಮಲಗಿದ್ದವನು, "ನಂಗೆ ಆ ಮಂಚ ಉಳೀಬೇಕು. ಅದಕ್ಕೆ ಯಾವ ಮತ ಬೇಕೋ ಅದು" ಅಂದ.

"ಅಸಿಂಧು," ಎಂದು ದೋನ್ಯಾ ಇರ್ಮಾ ಬರೆದುಕೊಂಡಳು. ಯೋಚಿಸುತ್ತಾ ತನ್ನ ಥರ್ಮಾಸಿನ ತಳವನ್ನು ಮೂರನೇ ಕುಂಡಕ್ಕೆ ಬಗ್ಗಿಸಿದಳು.

"ನೆಲ್ಸನ್ನನ್ನ ಕರೀರಿ," ಗ್ಲಾಡಿಸ್ ಅಂದಳು.

ಪಕ್ಕದ ಮನೆಯ ನೆಲ್ಸನ್‌ನನ್ನು ಕರೆಯುವುದು ವಾಷಿಂಗ್ಟನ್‌ಗೆ ಇಷ್ಟವಿರಲಿಲ್ಲ. ಅವನ ಆರು ಗಿಡ ಇದೇ ವಯಸ್ಸಿನವು, ಆದರೆ ಆಗಲೇ ಎರಡು ಗೇಣು ದಾಟಿ, ಹಸಿರು ಉಕ್ಕಿ ನಿಂತಿದ್ದವು. ಅವಕ್ಕೆ ತನ್ನ ಆರು ಸೋದರತ್ತೆಯರ ಹೆಸರಿಟ್ಟಿದ್ದ. ತೆಳು ಗೋಡೆಯಾಚೆಯಿಂದ ಬೆಳಗ್ಗೆ "ಓಲ್ಗಾ, ಇವತ್ತು ಏನ್ ಚೆಂದ ಇದ್ದೀಯೇ" ಎಂದು ಕೇಳಿದಾಗಲೆಲ್ಲ ವಾಷಿಂಗ್ಟನ್‌ನ ಹೊಟ್ಟೆ ಉರಿಯುತ್ತಿತ್ತು.

ನೆಲ್ಸನ್ ಬಂದ. ಮೂರನೇ ಕುಂಡದ ಮಣ್ಣಿಗೆ ತೋರುಬೆರಳು ತೂರಿಸಿದವನು ಹಾವು ಕಚ್ಚಿದಂತೆ ಕೈ ಎಳೆದುಕೊಂಡ.

"ಇದು ಮಣ್ಣೋ, ಸೂಪೋ? ಯಾರ್ರೀ ಬಿಸಿನೀರು ಹುಯ್ದೋರು?"

ನಿಧಾನವಾಗಿ ಒಬ್ಬೊಬ್ಬರ ಥರ್ಮಾಸೂ ಕಂಕುಳಿನಿಂದ ಬೆನ್ನ ಹಿಂದಕ್ಕೆ ಸರಿಯಿತು.

"ನಾನೂ... ದಿನಾ ಸ್ವಲ್ಪ," ವಾಷಿಂಗ್ಟನ್ ತೊದಲಿದ. "ಮಾಟೆ ಕುಡಿದು ಉಳಿದದ್ದು. ಚಳಿ ಅಂತ."

"ಇಪ್ಪತ್ತು ದಿನದಿಂದ ಇವುಗಳ ಕಾಲು ಬೇಯಿಸ್ತಾ ಇದ್ದೀಯಲ್ಲೋ! ಬೇರುಗಳೇ ಬೆಂದ್ರೆ ನೀರು ಕುಡಿಯೋದು ಯಾವುದು? ಎಲೆ ಸುಡದೆ ಇನ್ನೇನಾಗತ್ತೆ? ಬೆಳೆಯೋದಾದ್ರೂ ಹೇಗೆ?" ನೆಲ್ಸನ್ ಒಂದು ಸಸಿಯನ್ನು ಮೆಲ್ಲಗೆ ಕುಂಡದಿಂದ ಎತ್ತಿ ಬೇರು ನೋಡಿದ. ಹೊರಗಿನವು ಕಂದು, ಒಳಗೆ ಇನ್ನೂ ಬಿಳಿ. "ಜೀವ ಇದೆ. ರೋಗ ಗೀಗ ಏನಿಲ್ಲ. ದೀಪ ಎರಡು ಗೇಣು ಮೇಲಕ್ಕಿರಲಿ. ಗೊಬ್ಬರ ಮುಟ್ಟಬೇಡಿ. ಮಣ್ಣು ಎರಡು ಬೆರಳು ಆಳ ಒಣಗಿದ ಮೇಲೆ ಮಾತ್ರ ನೀರು, ಅದೂ ತಣ್ಣೀರಲ್ಲ, ಕೋಣೆಯಲ್ಲಿ ಇಟ್ಟ ನೀರು. ಕಂದಿದ ಎಲೆ ಹಸಿರಾಗಲ್ಲ. ಎರಡು ವಾರದಲ್ಲಿ ಮೇಲೆ ಹೊಸದು ಬರತ್ತೆ."

ವಾಷಿಂಗ್ಟನ್‌ಗೆ ಎದೆಯ ಮೇಲಿಂದ ಬಸ್ಸೇ ಇಳಿದುಹೋದಂತಾಯಿತು. ನೆಲ್ಸನ್‌ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಆಮೇಲೆ ಗಡಿಯಾರ ನೋಡಿದ. ನಾಲ್ಕೂವರೆ.

"ಎರಡು ವಾರ," ಗ್ಲಾಡಿಸ್ ನೆನಪಿಸಿದಳು. "ಅಕ್ಕನ ಬಸ್ಸಿಗೆ ಒಂದೂವರೆ ಗಂಟೆ."

ವಾಷಿಂಗ್ಟನ್ ನೆಲ್ಸನ್‌ನ ಕೈ ಹಿಡಿದುಕೊಂಡ. "ಒಂದೇ ಒಂದು ಸಂಜೆಗೆ, ಮಾರಾಯಾ. ನಿನ್ನ ಅತ್ತೆಯರನ್ನ ಕಳ್ಸು. ಅವಳು ನೋಡಿ ಹೋದ ತಕ್ಷಣ ವಾಪಸ್. ನನ್ನವು ನಿನ್ನ ಮನೇಲಿರಲಿ."

ನೆಲ್ಸನ್ ಬೆರಳಿನ ಮಣ್ಣು ಒರೆಸಿಕೊಂಡ. "ಓಲ್ಗಾಗೆ ಗಾಳಿ ತಾಗಬಾರದು," ಎಂದ ಕೊನೆಗೆ.

ವಿನಿಮಯದ ಉಸ್ತುವಾರಿಯನ್ನು ದೋನ್ಯಾ ಇರ್ಮಾ ವಹಿಸಿಕೊಂಡಳು. ಮನೆಗೆ ಆರು ಎಂದರೆ ಆರು. ಹಾಗಾಗಿ ಒಂದು ಹೊರಹೋದ ಮೇಲೆಯೇ ಒಂದು ಒಳಬರಬೇಕು. ಬೆಡ್‌ಶೀಟ್ ಹೊದ್ದ ಕುಂಡಗಳು ಮದುವಣಗಿತ್ತಿಯರ ಹಾಗೆ ಎರಡು ಬಾಗಿಲುಗಳ ನಡುವೆ ಓಡಾಡಿದವು. ಒಮ್ಮೆ ಮಿಲ್ಟನ್ ಆತುರಪಟ್ಟು ಒಳನುಗ್ಗಿದಾಗ, "ಏಳು! ಏಳಾಯ್ತು! ಆಚೆ ನಡೀರಿ!" ಎಂದು ದೋನ್ಯಾ ಇರ್ಮಾ ಕಿರುಚಿದ ರಭಸಕ್ಕೆ ಅವನೂ ಕುಂಡವೂ ಒಟ್ಟಿಗೆ ಅಂಗಳಕ್ಕೆ ಬಿದ್ದರು. ಕುಂಡಕ್ಕೆ ಏನೂ ಆಗಲಿಲ್ಲ. ಮಿಲ್ಟನ್ ಬಗ್ಗೆ ಯಾರೂ ಕೇಳಲಿಲ್ಲ.

ಆರೂ ಹತ್ತಕ್ಕೆ ಮಾಬೆಲ್ ಬಂದಳು. ಬಿಸಿನೀರಿನಲ್ಲಿ ನೆಂದು ಕೆನ್ನೆ ಕೆಂಪಾಗಿತ್ತು. ಒಂದು ಕೈಯಲ್ಲಿ ಪೆಟ್ಟಿಗೆ, ಕಂಕುಳಲ್ಲಿ ಥರ್ಮಾಸ್. ಯಾರನ್ನೂ ಮಾತಾಡಿಸದೆ ನೇರ ಹಿಂದಿನ ಕೋಣೆಗೆ ನಡೆದಳು. ನೋಡಿದಳು. ಒಂದು ಎಲೆ ಎತ್ತಿ ಅಡಿ ನೋಡಿದಳು. ಆಮೇಲೆ ಕುಸಿದು ಮಂಚದ ಮೇಲೆ ಕೂತಳು.

"ವಾಷಿ," ಎಂದಳು. "ನಾನು ಪಾಪಿ ಕಣೋ. ನಿಂಗೆ ಕೊಡೋವಾಗ್ಲೇ ಇವಕ್ಕೆ ಕಂದು ಹತ್ತಿತ್ತು. ಆ ಎಲೆಗಳನ್ನೆಲ್ಲ ಚಿವುಟಿ ಕೊಟ್ಟೆ. ಮಗನ ಮನೇಲಿ ಕದ್ದು ಬೆಳೆಸಿದಾಗ್ಲೂ ನನ್ನ ಕೈಯಲ್ಲಿ ಮೂರು ಸಲ ಹೀಗೇ ಹೋದವು, ಗೇಣುದ್ದಕ್ಕೆ ನಿಂತುಬಿಡ್ತವೆ. ನಿನ್ನ ಹತ್ರಾನೂ ಸಾಯ್ತವೆ, ಅದೇ ನೆಪ ಹೇಳಿ ಇಲ್ಲಿಗೆ ಬಂದುಬಿಡೋಣ ಅಂತಿದ್ದೆ. ಸೊಸೆ ಕಾಟ ತಡೆಯೋಕಾಗ್ತಿಲ್ಲ. ಈಗ ಯಾವ ಮುಖ ಇಟ್ಕೊಂಡು ಕೇಳಲಿ? ನೀನೇ ಗೆದ್ದೆ. ಮಂಚ ನಿಂದೇ."

ವಾಷಿಂಗ್ಟನ್‌ಗೆ ಅಳು ಬಂತು. ಇಷ್ಟು ಹಗುರ ಅವನು ಪಿಂಚಣಿ ಮಂಜೂರಾದ ದಿನವೂ ಆಗಿರಲಿಲ್ಲ. ಅದೇ ಸಂತೋಷದಲ್ಲಿ, "ಅಯ್ಯೋ, ಇರಲಿ ಬಿಡು ಮಾಬೆಲ್, ನಾನೇನು ಮಾಡಿದೆ ಮಹಾ!" ಎಂದುಬಿಟ್ಟ.

ಮಾಬೆಲ್ ತಲೆಯೆತ್ತಿದಳು. ಶುಂಠಿ ಬೆರಳುಗಳಿಂದ ಕಣ್ಣೊರೆಸಿಕೊಂಡಳು.

"ಅದೇ ನೋಡು. ನಿನಗೇ ಗೊತ್ತಿಲ್ಲ. ಅದಕ್ಕೇ ಕೈಗುಣ ಅನ್ನೋದು. ಇಂಥದ್ದನ್ನ ಫೋನಲ್ಲಿ ಕೇಳಿ ಕಲಿಯೋಕಾಗತ್ತಾ? ಪಕ್ಕದಲ್ಲೇ ಕೂತು ನೋಡ್ಬೇಕು. ಇವು ಹೂ ಬಿಡೋ ತನಕ ಸಾಕು, ನಾಲ್ಕೇ ತಿಂಗಳು." ಪೆಟ್ಟಿಗೆಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದಳು. "ಈ ರೇಡಿಯೋ ಆಚೆ ತಗೊಂಡು ಹೋಗು. ಗಿಡಕ್ಕೆ ಗಲಾಟೆ ಆಗಲ್ಲ."

ವಾಷಿಂಗ್ಟನ್ ಬಾಯಿ ತೆರೆದ. ನಿಜ ಹೇಳಿದರೆ ಸಸಿ ಒಣಗಿಸಿದ ತಪ್ಪಿಗೆ ಮಂಚ ಹೋಗುತ್ತಿತ್ತು, ಹೇಳದಿದ್ದರೂ ಹೋಗಿತ್ತು. ರೇಡಿಯೋ ಎತ್ತಿಕೊಂಡ.

ಮಾಬೆಲ್ ಥರ್ಮಾಸ್ ಅಲುಗಾಡಿಸಿ ನೋಡಿದಳು. ಬಸ್ಸಿನಲ್ಲಿ ಕುಡಿದು ಒಂದಿಷ್ಟು ಉಳಿದಿತ್ತು. ಆರರಲ್ಲಿ ಎಲ್ಲಕ್ಕಿಂತ ಚೆಂದದ ಗಿಡದ ಬುಡಕ್ಕೆ ಬಗ್ಗಿಸಿದಳು. ಮಣ್ಣಿನಿಂದ ಮೆಲ್ಲಗೆ ಆವಿ ಎದ್ದಿತು.

"ಚಳಿ ಅಲ್ವಾ, ಪಾಪ," ಎಂದಳು.

ಅಷ್ಟರಲ್ಲಿ ತೆಳು ಗೋಡೆಯಾಚೆಯಿಂದ ನೆಲ್ಸನ್‌ನ ದನಿ ಬಂತು: "ವಾಷೀ! ಓಲ್ಗಾ ಹೇಗಿದ್ದಾಳೋ?"

ವಾಷಿಂಗ್ಟನ್ ರೇಡಿಯೋವನ್ನು ಎದೆಗೆ ಅವಚಿಕೊಂಡು, ಏಳುವ ಆವಿಯನ್ನೇ ನೋಡುತ್ತಾ ಹೇಳಿದ:

"ಬೆಚ್ಚಗಿದ್ದಾಳೆ."